ಅನಂತದ ಹಾಳೆಗಳಿಗೆ ಬೇವಿನ ಹೊಗೆ

ಮೊಳಕಾಲ್ಮೂರಿನಲ್ಲಿ ಇಲಿ ಬೀಳಲು ಶುರುವಾದ ವರ್ಷ ನನಗೆ ಹದಿನೆಂಟು. ಮದುವೆಯಾಗಿ ಚಳ್ಳಕೆರೆಯಿಂದ ಬಂದು ಎರಡು ವರ್ಷವಾಗಿತ್ತು. ನನ್ನ ಗಂಡ ಅಲ್ಲಿ ಶಾಲೆಯ ಮೇಷ್ಟ್ರು. ಮನೆಯಲ್ಲಿ ನಾವಿಬ್ಬರು ಮತ್ತು ನನ್ನ ಅತ್ತೆ, ಮೂರೇ ಜನ. ನಾನು ಕಂಡ ಮೊದಲನೆಯ ಇಲಿ ಸತ್ತು ಬಿದ್ದದ್ದು ನಮ್ಮ ಅಡುಗೆಮನೆಯಲ್ಲೇ, ಬೀಸುವ ಕಲ್ಲಿನ ಪಕ್ಕದಲ್ಲಿ. ನಾನು ಪೊರಕೆ ತಂದು ತಳ್ಳಲು ಹೋದೆ. ಅತ್ತೆ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದರು.

“ಮುಟ್ಬ್ಯಾಡ! ಸೆರಗು ಕೂಡ ತಗಲಬಾರ್ದು. ನಡಿ ಹೊರಗೆ.”

ಅಂಗಳಕ್ಕೆ ಬಂದ ಮೇಲೂ ಅವರು ನನ್ನ ತೋಳು ಬಿಡಲಿಲ್ಲ. ಅತ್ತೆ ಯಾವುದಕ್ಕೂ ಹೆದರುವವರಲ್ಲ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ.

ಪ್ಲೇಗು ಬಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುವುದು ಆಗಿನ ಪದ್ಧತಿ. ಹೊತ್ತು ಮುಳುಗುವುದರೊಳಗೆ ಕೇರಿಯ ಅರ್ಧ ಜನ ಗಾಡಿ ಕಟ್ಟಿದ್ದರು. ದೇವಸಮುದ್ರದ ದಾರಿಯಲ್ಲಿ, ಊರಿಂದ ಒಂದೂವರೆ ಹರದಾರಿ ದೂರದಲ್ಲಿ, ಅತ್ತೆಯ ತವರಿನವರ ಹೊಲವಿತ್ತು. ನಾವು ಅಲ್ಲಿಗೆ ಹೊರಟೆವು. ನನ್ನ ಗಂಡ ಮಾತ್ರ ಬರುವಂತಿರಲಿಲ್ಲ. ಶಾಲೆ ಮುಚ್ಚಿದ್ದರೂ, ಪ್ಲೇಗಿನ ಸೂಜಿ ಹಾಕುವ ಕಡೆ ಹೆಸರು ಬರೆದುಕೊಳ್ಳಲು ಅಕ್ಷರ ಬಲ್ಲವರು ಬೇಕೆಂದು ಅವರನ್ನು ಆ ಕೆಲಸಕ್ಕೆ ಹಾಕಿದ್ದರು. ಒಬ್ಬ ಕಾಂಪೌಂಡರ್ ಜೊತೆ ಊರಂಚಿನ ಒಂದು ಖಾಲಿ ಮನೆಯಲ್ಲಿ ಇರಬೇಕೆಂದು ಅಪ್ಪಣೆಯಾಗಿತ್ತು. ಪಾತ್ರೆ, ಹಾಸಿಗೆ, ಕಾಳಿನ ಚೀಲ ಎಲ್ಲವನ್ನೂ ಗಾಡಿಗೆ ಹಾಕಿದ ಮೇಲೆ ಅವರು ತಮ್ಮ ಪಾಲಿಗೆ ಇಟ್ಟುಕೊಂಡದ್ದು ಎರಡು ಪಂಚೆ, ಒಂದು ಕಂಬಳಿ ಮತ್ತು ಆ ಪುಸ್ತಕ.

ಅದು ಇಂಗ್ಲಿಷ್ ಪುಸ್ತಕ. ಬಳ್ಳಾರಿಯ ಪೇಟೆಯಲ್ಲಿ ಹಳೆ ಪುಸ್ತಕ ಮಾರುವವನ ಹತ್ತಿರ ಸಿಕ್ಕಿದ್ದು. ರಟ್ಟು ಕಿತ್ತುಹೋಗಿ, ಮೊದಲ ಹಾಳೆಗಳೂ ಹೋಗಿ, ಬರೆದವರು ಯಾರೆಂದು ಅವರಿಗೂ ಗೊತ್ತಿರಲಿಲ್ಲ. ಗಣಿತ ಓದದ ಜನಕ್ಕೆ ಕೊನೆಯಿಲ್ಲದ ಲೆಕ್ಕದ ವಿಷಯ ತಿಳಿಸಲು ಯಾರೋ ಬರೆದದ್ದು ಎಂದು ಹೇಳಿದ್ದರು. ನಮ್ಮಪ್ಪ ಚಳ್ಳಕೆರೆಯಲ್ಲಿ ಕಂಬಳಿ ವ್ಯಾಪಾರ ಮಾಡುತ್ತಿದ್ದವರು. ನನ್ನನ್ನು ಹತ್ತು ವರ್ಷ ತುಂಬುವವರೆಗೆ ಐಗಳ ಹತ್ತಿರ ಓದಲು ಬಿಟ್ಟಿದ್ದರು. ಹಾಗಾಗಿ ನನಗೆ ಕನ್ನಡ ಓದಲು, ಕೂಡಿ ಕಳೆಯಲು ಬರುತ್ತಿತ್ತು. ಅದನ್ನು ಕಂಡು ನನ್ನ ಗಂಡನಿಗೆ ಒಂದು ಆಸೆ ಹುಟ್ಟಿತ್ತು. ಆ ಪುಸ್ತಕವನ್ನು ಕನ್ನಡಕ್ಕೆ ತರಬೇಕು, ಮೊದಲು ನನಗೆ ಅರ್ಥವಾಗಬೇಕು, ನನಗೆ ಅರ್ಥವಾದರೆ ಯಾರಿಗಾದರೂ ಆಗುತ್ತದೆ ಎಂದು.

ಗಾಡಿ ಹೊರಡುವಾಗ ಅವರು ನನಗೆ ಹೇಳಿದ್ದು ಇಷ್ಟೇ: “ಬರೆದು ಕಳಿಸ್ತೀನಿ. ಓದ್ಕೋ.”

ನಾನು ಕಾಗದ ಬರೆಯುತ್ತಾರೆ ಎಂದುಕೊಂಡೆ.

ನಾಲ್ಕನೆಯ ದಿನ ಕುರಿ ಕಾಯುವ ಒಬ್ಬ ಅಜ್ಜ ನಮ್ಮ ಗುಡಿಸಲಿನಿಂದ ದೂರ ನಿಂತು ಕೂಗಿದ. ಅವನದು ಗಡಿಯಾಚೆಯ ಊರು, ಮಾತು ಅರ್ಧ ತೆಲುಗು ಅರ್ಧ ಕನ್ನಡ. ಕುರಿ ಹೊಡೆದುಕೊಂಡು ಮೊಳಕಾಲ್ಮೂರಿನ ಗುಡ್ಡದ ಬುಡದವರೆಗೆ ಹೋಗಿ ಬರುತ್ತಿದ್ದ.

“ಅಮ್ಮಾ, ಕಾಗಿತಂ! ಮೇಷ್ಟ್ರು ಕೊಟ್ರು. ಇಲ್ಲಿ ಕಲ್ಲು ಕೆಳಗೆ ಇಟ್ಟೀನಿ.”

ನಾನು ಓಡಲು ಹೋದೆ. ಅತ್ತೆ ತಡೆದರು. ಊರಿನಿಂದ ಬಂದ ಯಾವುದರ ಮೇಲೂ ಅವರಿಗೆ ನಂಬಿಕೆಯಿರಲಿಲ್ಲ. ಮೊದಲು ಬೇವಿನ ಸೊಪ್ಪು ತಂದು ಕೆಂಡದ ಮೇಲೆ ಹಾಕಿದರು. ಹೊಗೆ ದಟ್ಟವಾದ ಮೇಲೆ ಇಕ್ಕಳದಿಂದ ಹಾಳೆಯನ್ನು ಹಿಡಿದು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಅದರ ಎರಡೂ ಮಗ್ಗುಲಿಗೆ ಹೊಗೆ ಕೊಟ್ಟರು. ಹಾಳೆ ಕಂದಿತು. ಆಮೇಲೆ ನನ್ನ ಕೈಗೆ ಕೊಟ್ಟು ಎದುರಿಗೆ ಕೂತರು.

“ಓದು. ಏನ್ ಬರ್ದಾನೆ?”

ನಾನು ಓದಿದೆ. ಅದರಲ್ಲಿ ನನ್ನ ಗಂಡನ ವಿಷಯ ಒಂದು ಅಕ್ಷರವೂ ಇರಲಿಲ್ಲ. ‘ನೀನು ಎಷ್ಟು ದೊಡ್ಡ ಸಂಖ್ಯೆಯನ್ನು ಹೇಳಿದರೂ ಅದಕ್ಕೆ ಒಂದನ್ನು ಸೇರಿಸಬಹುದು. ಆದ್ದರಿಂದ ಕೊನೆಯ ಸಂಖ್ಯೆ ಎಂಬುದಿಲ್ಲ’ ಎಂದು ಶುರುವಾಗಿ, ಹಾಳೆಯ ಎರಡು ಮಗ್ಗುಲೂ ಅದೇ ಇತ್ತು. ಎಣಿಸಲು ಬಾರದವನು ಒಂದು ಕುರಿಗೆ ಒಂದು ಕಲ್ಲು ಇಟ್ಟುಕೊಂಡು ಹಿಂಡು ಸರಿಯಾಗಿದೆಯೇ ಎಂದು ಹೇಗೆ ತಿಳಿಯುತ್ತಾನೋ ಹಾಗೆ ಎರಡು ಗುಂಪುಗಳನ್ನು ಜೋಡಿ ಮಾಡಿ ನೋಡಬಹುದು, ಅದನ್ನು ನಾಳೆ ಬರೆಯುತ್ತೇನೆ ಎಂದು ಮುಗಿದಿತ್ತು.

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಇದನ್ನು ಹೇಗೆ ಹೇಳಲಿ? ಒಬ್ಬನೇ ಮಗ, ಇಲಿ ಬಿದ್ದ ಊರಿನಲ್ಲಿ ಕೂತು ಲೆಕ್ಕ ಬರೆದು ಕಳಿಸಿದ್ದಾನೆ ಎನ್ನಲೇ?

“ಚೆನ್ನಾಗಿದಾರಂತೆ ಅತ್ತೆ. ಹೊತ್ತೊತ್ತಿಗೆ ಊಟ ಮಾಡ್ತಿದಾರಂತೆ. ನೀವು ಚಿಂತೆ ಮಾಡ್ಬಾರ್ದಂತೆ.”

“ಎರಡು ಮಗ್ಗುಲು ಬರ್ದಾನಲ್ಲ, ಇಷ್ಟೇನಾ?”

“ಕಾಂಪೌಂಡರ್ ಒಳ್ಳೆಯೋರಂತೆ. ಇಬ್ರೂ ಸೇರಿ ಅಡಿಗೆ ಮಾಡ್ಕೊಳ್ತಾರಂತೆ.”

ಅತ್ತೆ ಕಣ್ಣು ಒರೆಸಿಕೊಂಡು ಎದ್ದರು. ಹೇಳಿದ್ದು ಸುಳ್ಳು ಎಂಬುದಕ್ಕಿಂತ, ಹೇಳಿದ್ದು ನಿಜವೋ ಅಲ್ಲವೋ ನನಗೇ ಗೊತ್ತಿಲ್ಲವಲ್ಲ ಎಂಬುದು ನನ್ನನ್ನು ಕಾಡಿತು.

ಆಮೇಲೆ ದಿನ ಬಿಟ್ಟು ದಿನ ಹಾಳೆ ಬಂತು. ದಿನ ಬಿಟ್ಟು ದಿನ ಬೇವಿನ ಹೊಗೆ, ದಿನ ಬಿಟ್ಟು ದಿನ ನನ್ನ ಸುಳ್ಳು. ಒಂದು ಹಾಳೆಯಲ್ಲಿ, ಎಲ್ಲ ಸಂಖ್ಯೆಗಳನ್ನು ಒಂದು ಸಾಲಿನಲ್ಲೂ ಸಮಸಂಖ್ಯೆಗಳನ್ನು ಇನ್ನೊಂದು ಸಾಲಿನಲ್ಲೂ ಇಟ್ಟು, ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು, ಮೂರಕ್ಕೆ ಆರು ಎಂದು ಜೋಡಿ ಮಾಡಿದರೆ ಯಾವ ಸಾಲಿನಲ್ಲೂ ಒಂದೂ ಉಳಿಯುವುದಿಲ್ಲ, ಆದ್ದರಿಂದ ಅರ್ಧವೂ ಪೂರ್ತಿಯೂ ಸಮ ಎಂದು ಬರೆದಿದ್ದರು. ನನಗೆ ಸಿಟ್ಟು ಬಂತು. ಗುಡಿಸಲಿನ ಹಿಂದೆ ಕೂತು ಬೆಣಚು ಕಲ್ಲುಗಳನ್ನು ಎರಡು ಸಾಲಾಗಿ ಜೋಡಿಸಿ ನೋಡಿದೆ. ನನ್ನ ಕಲ್ಲುಗಳಲ್ಲಿ ಅರ್ಧ ಅರ್ಧವೇ ಆಗಿತ್ತು. ಮುಂದಿನ ಹಾಳೆಯ ಮೊದಲ ಸಾಲಿನಲ್ಲೇ ಅವರು ಬರೆದಿದ್ದರು: ‘ನೀನು ಕಲ್ಲು ಜೋಡಿಸಿರುತ್ತೀಯ ಎಂದು ಬಲ್ಲೆ. ಕಲ್ಲು ಮುಗಿದುಹೋಗುತ್ತದೆ. ಮುಗಿಯದೆ ಇರುವುದರಲ್ಲಿ ಮಾತ್ರ ಇದು ನಡೆಯುತ್ತದೆ.’ ಅಷ್ಟೂ ಹಾಳೆಗಳಲ್ಲಿ ನನ್ನೊಬ್ಬಳಿಗೆಂದು ಬರೆದ ಮಾತು ಅದೊಂದೇ.

ಆ ವಾರ ನಮ್ಮಿಂದ ಮೂರನೆಯ ಗುಡಿಸಲಿನ ಹೆಂಗಸು ಸತ್ತಳು. ಬೆಳಿಗ್ಗೆ ನೀರಿಗೆ ಬಂದಿದ್ದವಳು, ಮರುದಿನ ಮಧ್ಯಾಹ್ನಕ್ಕೆ ಇಲ್ಲ. ಅವಳ ಗಂಡ ಹೆಣವನ್ನು ಒಬ್ಬನೇ ಹೊತ್ತುಕೊಂಡು ಹೋಗಿದ್ದನ್ನು ನಾವೆಲ್ಲ ದೂರದಿಂದ ನೋಡಿದೆವು. ಯಾರೂ ಮುಂದೆ ಹೋಗಲಿಲ್ಲ. ಅವತ್ತು ಬಂದ ಹಾಳೆಯಲ್ಲಿ, ಕೊನೆಯಿಲ್ಲದ್ದರಿಂದ ಒಂದನ್ನು ತೆಗೆದರೆ ಉಳಿಯುವುದು ಅಷ್ಟೇ, ನೂರನ್ನು ತೆಗೆದರೂ ಅಷ್ಟೇ ಎಂದಿತ್ತು. ನಾನು ಆ ಹಾಳೆಯನ್ನು ಮಡಚಿ ದಿಂಬಿನ ಕೆಳಗೆ ಇಟ್ಟು, ಎರಡು ದಿನ ತೆಗೆಯಲಿಲ್ಲ.

ನನಗೆ ಅನಂತದ ಹೆದರಿಕೆ ಹಿಡಿದದ್ದು ಆಗಲೇ. ಬಯಲಲ್ಲಿ ಕೂತಾಗ ಮನಸ್ಸು ತಾನಾಗಿಯೇ ಎಣಿಸುತ್ತಿತ್ತು. ಅವರು ಇಲ್ಲವಾದರೆ ಅದರ ಮರುದಿನ ಒಂದು ದಿನ ಬರುತ್ತದೆ. ಅದಕ್ಕೆ ಒಂದು ಸೇರಿಸಿದರೆ ಇನ್ನೊಂದು. ಬಳೆ ಒಡೆದ ಕೈಯಲ್ಲಿ ಅತ್ತೆಗೆ ರೊಟ್ಟಿ ತಟ್ಟುತ್ತಾ ಇರುವ ನನ್ನನ್ನು ನಾನೇ ಕಾಣುತ್ತಿದ್ದೆ. ನನಗೂ ಒಂದು ದಿನ ಸಾವು ಬರುತ್ತದೆ, ನನ್ನ ದಿನಗಳಿಗೂ ಲೆಕ್ಕವಿದೆ ಎಂದು ಬುದ್ಧಿಗೆ ಗೊತ್ತಿತ್ತು. ಆದರೆ ಹದಿನೆಂಟು ವರ್ಷದವಳಿಗೆ ಅದರ ಕೊನೆ ಕಾಣುತ್ತಿರಲಿಲ್ಲ. ಎದ್ದು ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ಕೊನೆಯ ಹಾಳೆ ಅರ್ಧ ಮಗ್ಗುಲಿನದು. ‘ಇಲ್ಲಿಯವರೆಗೆ ಹೇಳಿದ ಅನಂತಗಳೆಲ್ಲ ಒಂದೇ ಅಳತೆಯವು. ಆದರೆ ಇವಕ್ಕಿಂತ ದೊಡ್ಡ ಅನಂತವೊಂದಿದೆ. ಅದನ್ನು ಯಾವ ಸಾಲಿನಲ್ಲೂ ಜೋಡಿಸಲು ಬರುವುದಿಲ್ಲ. ಯಾಕೆಂದರೆ’ ಎಂದು ನಿಂತಿತ್ತು. ‘ಯಾಕೆಂದರೆ’ ಎಂಬುದರ ಮುಂದೆ ಶಾಯಿ ಚೆಲ್ಲಿದ ಗುರುತು.

ಎರಡು ದಿನವಾಯಿತು, ಹಾಳೆ ಬರಲಿಲ್ಲ. ನಾಲ್ಕು ದಿನವಾಯಿತು. ಐದನೆಯ ದಿನ ಕುರಿ ಅಜ್ಜ ಬಂದ. ಕಲ್ಲಿನ ಹತ್ತಿರ ಬರದೆ ದಾರಿಯಲ್ಲೇ ನಿಂತ.

“ಮೇಷ್ಟ್ರು ಸಿಗ್ಲಿಲ್ಲಮ್ಮಾ. ಮನೆಗೆ ಬೀಗ. ಬಾಗ್ಲು ಮ್ಯಾಲೆ ಸುಣ್ಣದಾಗೆ ಗುರ್ತು ಹಾಕವ್ರೆ.”

ಪ್ಲೇಗು ಬಂದ ಮನೆಯ ಬಾಗಿಲಿಗೆ ಹಾಗೆ ಗುರುತು ಹಾಕುತ್ತಾರೆ ಎಂದು ನನಗೆ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು. ಅವರು ಒಲೆಯ ಮೇಲಿದ್ದ ಮಡಕೆಯನ್ನು ಇಳಿಸಿ, ಬೆಂಕಿಗೆ ನೀರು ಹಾಕಿದರು.

“ನಡಿ” ಎಂದರು.

ಒಂದೂವರೆ ಹರದಾರಿಯನ್ನು ನಾವು ಎಲ್ಲೂ ಕೂರದೆ ನಡೆದೆವು. ಬಿಸಿಲು ಏರಿತ್ತು. ಬಂಡೆಗಳ ನಡುವೆ ಊರು ಕಾಣಿಸಿದಾಗ ಒಂದು ಮನೆಯಿಂದಲೂ ಹೊಗೆ ಏಳುತ್ತಿರಲಿಲ್ಲ. ಮಗ್ಗದ ಸದ್ದಿಲ್ಲದ ಮೊಳಕಾಲ್ಮೂರನ್ನು ನಾನು ಹಿಂದೆ ಕಂಡಿರಲಿಲ್ಲ. ದಾರಿಗೆ ಸಿಕ್ಕ ತಳವಾರ ನಮ್ಮನ್ನು ಊರೊಳಗೆ ಬಿಡಲಿಲ್ಲ. ಮೇಷ್ಟ್ರು ಎಂದ ಕೂಡಲೇ ಗುಡ್ಡದ ಕಡೆಗೆ ಕೈ ತೋರಿಸಿದ. ಅಲ್ಲಿ ತಗಡಿನ ನಾಲ್ಕು ಶೆಡ್ಡುಗಳಿದ್ದವು, ಸುತ್ತ ಜಾಲಿಮುಳ್ಳಿನ ಬೇಲಿ. ಪ್ಲೇಗಿನವರ ಜೊತೆ ಇದ್ದವರನ್ನು ಹತ್ತು ದಿನ ಬೇರೆಯಾಗಿ ಇಡುವ ಜಾಗ ಅದು.

ಕಾವಲಿನವನು ಒಳಗೆ ಕೂಗಿದ. ಬಹಳ ಹೊತ್ತು ಯಾರೂ ಬರಲಿಲ್ಲ. ಆಮೇಲೆ ಅವರು ಬಂದರು. ಗಡ್ಡ ಬೆಳೆದಿತ್ತು. ಬೇಲಿಯಿಂದ ಇಪ್ಪತ್ತು ಹೆಜ್ಜೆ ಒಳಗೇ ನಿಂತರು.

“ಜ್ವರ ಐತೇನೋ?” ಅತ್ತೆ ಕೂಗಿದರು.

“ಇಲ್ಲವ್ವ. ಕಾಂಪೌಂಡರ್ ಹೋಗಿಬಿಟ್ರು. ಜೊತೆಗಿದ್ದೆ ಅಂತ ನನ್ನ ಇಲ್ಲಿಗೆ ಹಾಕಿದಾರೆ. ಇವತ್ತಿಗೆ ನಾಲ್ಕು ದಿನ.”

“ಕಂಕುಳು ನೋಡ್ಕೊಂಡ್ಯಾ? ತೊಡೆ ಸಂದು?”

ಅವರು ಅಂಗಿ ಬಿಚ್ಚಿ ಎರಡೂ ಕೈ ಮೇಲೆತ್ತಿ ತೋರಿಸಿದರು. ಅಷ್ಟು ದೂರದಿಂದ ಏನು ಕಂಡೀತು? ಆದರೂ ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ನಾನೂ ನೋಡಿದೆ. ಪಕ್ಕೆಯ ಎಲುಬುಗಳು ಕಾಣುತ್ತಿದ್ದವು.

“ಹೊತ್ತೊತ್ತಿಗೆ ಊಟ ಮಾಡ್ತೀನಿ, ಚೆನ್ನಾಗಿದೀನಿ ಅಂತ ಬರೀತಿದ್ದೆಯಲ್ಲೋ. ಇದೇನೋ ಮಗ ನಿನ್ನ ಮೈ?”

ಅವರು ತಬ್ಬಿಬ್ಬಾಗಿ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಅತ್ತೆ ಅವರನ್ನೂ ನನ್ನನ್ನೂ ನೋಡಿದರು.

“ಏನ್ ಬರ್ದಿದ್ದೆ ನೀನು?”

“ಲೆಕ್ಕ ಬರ್ದಿದ್ದೆ ಅವ್ವ. ಪುಸ್ತಕದಾಗಿನ ಲೆಕ್ಕ.”

“ಲೆಕ್ಕ? ಜನ ಸಾಯೋವಾಗ ಲೆಕ್ಕ ಬರ್ದ್ಯಾ? ಬದುಕಿದೀನಿ ಅಂತ ಒಂದು ಮಾತು ಬರೆಯೋಕೆ ಏನಾಗಿತ್ತು ನಿಂಗೆ?”

ಅವರು ಬಿಚ್ಚಿದ ಅಂಗಿಯನ್ನು ಮತ್ತೆ ತೊಟ್ಟುಕೊಂಡರು. ಆಮೇಲೆ ಹೇಳಿದ್ದು ನನಗೆ ಇವತ್ತಿಗೂ ಹಾಗೇ ನೆನಪಿದೆ.

“ಹೆದರಿಕೆ ಆಗ್ತಿತ್ತವ್ವ. ಚೆನ್ನಾಗಿದೀನಿ ಅಂತ ಬರೆದು ಕೊಡ್ತೀನಿ ಅಂತಿಟ್ಕೋ. ಆ ಅಜ್ಜ ನಿಮ್ಮತ್ರ ಬರೋದ್ರೊಳಗೆ ಅದು ಸುಳ್ಳಾದ್ರೆ? ನಾಳೆ ಸುಳ್ಳಾಗದೇ ಇರೋದು ಏನಾದ್ರೂ ಬರೀಬೇಕು ಅನ್ನಿಸ್ತು. ಅದೊಂದೇ ಇತ್ತು ನನ್ನತ್ರ.”

ಅತ್ತೆ ತಿರುಗಿ ಹೊರಟುಬಿಟ್ಟರು. ಹಿಂದಿರುಗುವ ದಾರಿಯುದ್ದಕ್ಕೂ ನನಗಿಂತ ಹತ್ತು ಮಾರು ಮುಂದೆ ನಡೆದರು. ನಾನು ಎರಡು ಸಲ ಕರೆದೆ, ತಿರುಗಲಿಲ್ಲ. ಅವತ್ತು ನನಗೆ ಬೇರೆ ಒಲೆ ಹೂಡಿಕೋ ಎಂದು ಹೇಳಿದರು. ಸುಳ್ಳು ಹೇಳುವವಳ ಕೈಯಿಂದ ಉಣ್ಣುವುದಿಲ್ಲ ಎಂದರು. ಆ ಬಯಲಿನಲ್ಲಿ, ಹತ್ತು ಹೆಜ್ಜೆಯ ಅಂತರದಲ್ಲಿ, ನಾವಿಬ್ಬರೂ ಎರಡು ಒಲೆ ಹೊತ್ತಿಸಿದೆವು.

ಆದರೂ ಒಂದು ದಿನ ಬಿಟ್ಟು ಮತ್ತೆ ಇಬ್ಬರೂ ಹೊರಟೆವು. ಅವರ ಬುತ್ತಿ ಅವರದು, ನನ್ನ ಬುತ್ತಿ ನನ್ನದು. ಕಾವಲಿನವನು ಎರಡನ್ನೂ ಉದ್ದನೆಯ ಕೋಲಿಗೆ ಸಿಕ್ಕಿಸಿ ಬೇಲಿಯಾಚೆ ದಾಟಿಸಿದ. ನನ್ನ ಗಂಡ ಉಂಡರು. ಜ್ವರವಿಲ್ಲ ಎಂದರು. ಅತ್ತೆಯ ಪ್ರಶ್ನೆಗಳೆಲ್ಲ ಮುಗಿದ ಮೇಲೆ ನಾನು ಬೇಲಿಯ ಹತ್ತಿರ ಸರಿದೆ. ಅಳು ಬರುತ್ತಿತ್ತು. ಅಳಬಾರದೆಂದು ಬಾಯಿಗೆ ಬಂದದ್ದನ್ನು ಕೇಳಿದೆ.

“ಯಾಕೆಂದರೆ ಅಂತ ಬರೆದು ನಿಲ್ಲಿಸಿದ್ರಿ.”

ಅವರ ಮುಖ ಅರಳಿತು. ಕಾಂಪೌಂಡರ್ ಒಳಗಿನಿಂದ ನರಳಿದ್ದು ಕೇಳಿ ಲೇಖನಿ ಬಿಟ್ಟು ಓಡಿದೆ, ಕುರಿ ಅಜ್ಜ ಬಂದಾಗ ಬರೆದಿದ್ದಷ್ಟನ್ನೇ ಕೊಟ್ಟೆ ಎಂದರು. ಆಮೇಲೆ ಅಲ್ಲಿಂದಲೇ ಕೂಗಿ ಕೂಗಿ ಹೇಳಿದರು. ಪುಸ್ತಕದಲ್ಲಿ ಬೇರೆ ರೀತಿ ಇತ್ತಂತೆ. ನಮ್ಮದು ನೇಕಾರರ ಊರು, ಅದಕ್ಕೆ ಅವರು ಸೀರೆಯ ಲೆಕ್ಕದಲ್ಲಿ ಹೇಳಿದರು.

“ಸೀರೆ ಅಂಚು ಅಂತಿಟ್ಕೋ. ಒಂದೊಂದು ಜಾಗದಲ್ಲೂ ಬುಟ್ಟಾ ಇರಬಹುದು, ಇಲ್ಲದೇ ಇರಬಹುದು. ಅಂಚಿಗೆ ಕೊನೆ ಇಲ್ಲ. ಅಂಥ ಸೀರೆನೆಲ್ಲ ಒಂದು, ಎರಡು, ಮೂರು ಅಂತ ಸಾಲಾಗಿ ಇಟ್ಟಿದೀನಿ, ಒಂದೂ ಬಿಟ್ಟಿಲ್ಲ ಅಂತ ಒಬ್ಬ ಹೇಳ್ತಾನೆ. ನೀನೊಂದು ಹೊಸ ಸೀರೆ ನೇಯಿ. ಮೊದಲ್ನೇ ಸೀರೆಯ ಮೊದಲ್ನೇ ಜಾಗ ನೋಡು. ಅಲ್ಲಿ ಬುಟ್ಟಾ ಇದ್ರೆ ನಿಂದರಲ್ಲಿ ಬಿಡು, ಇಲ್ದಿದ್ರೆ ಹಾಕು. ಎರಡ್ನೇ ಸೀರೆಯ ಎರಡ್ನೇ ಜಾಗ ನೋಡಿ ಅದಕ್ಕೂ ಉಲ್ಟಾ ಮಾಡು. ಮೂರ್ನೇದಕ್ಕೆ ಮೂರ್ನೇ ಜಾಗ. ಹಂಗೇ ಹೋಗ್ತಾ ಇರು. ಈಗ ಹೇಳು, ನಿನ್ನ ಸೀರೆ ಅವನ ಸಾಲಿನಲ್ಲಿ ಎಲ್ಲೈತೆ?”

ನಾನು ಯೋಚಿಸುತ್ತಲೇ ಇದ್ದೆ. ಹಿಂದಿನಿಂದ ಅತ್ತೆಯ ದನಿ ಬಂತು. ಅವರು ಚಿಕ್ಕವರಿದ್ದಾಗ ನೇಕಾರರ ಮನೆಯಲ್ಲಿ ರೇಷ್ಮೆ ಸುತ್ತಿದವರು.

“ಎಲ್ಲೂ ಇಲ್ಲ. ಯಾವ ಸೀರೆ ಪಕ್ಕ ಇಟ್ಟು ನೋಡಿದ್ರೂ ಒಂದ್ ಜಾಗದಾಗೆ ತಪ್ಪೇ ಇರ್ತೈತೆ.”

ನನ್ನ ಗಂಡ ಬೇಲಿಯಾಚೆ ಗಟ್ಟಿಯಾಗಿ ನಕ್ಕುಬಿಟ್ಟರು. “ಅವ್ವಾ, ಅದೇ! ಅದೇ ಕಣವ್ವ!”

ಅತ್ತೆ ನಗಲಿಲ್ಲ. “ಎಲ್ಲಾನೂ ಜೋಡ್ಸಿ ಆದ ಮ್ಯಾಲೂ ಬಿಟ್ಟೋಗಿದ್ದು ಇರ್ತೈತೆ ಅಂದಂಗಾಯ್ತು. ಹೆದರಿಕೆ ಆಗ್ತೈತೆ ಕಣೋ ನಿನ್ನ ಲೆಕ್ಕ” ಎಂದರು. ವಾಪಸ್ಸು ಬರುವಾಗ ಅವರು ನನ್ನ ಪಕ್ಕದಲ್ಲೇ ನಡೆದರು. ಒಲೆ ಮಾತ್ರ ಎರಡೇ ಇದ್ದವು.

ಅವರನ್ನು ಶೆಡ್ಡಿಗೆ ಹಾಕಿದ ಎಂಟನೆಯ ದಿನ ನಾವು ಹೋದಾಗ ಅವರು ಹೊರಗೆ ಬರಲಿಲ್ಲ. ಕಾವಲಿನವನು ನಮ್ಮ ಮುಖ ನೋಡದೆ ಹೇಳಿದ.

“ನಿನ್ನೆಯಿಂದ ಜ್ವರ ಕಣವ್ವ. ತೊಡೆ ಸಂದಿಗೆ ಗೆಡ್ಡೆ ಎದ್ದೈತೆ. ಆ ಕಡೇ ಶೆಡ್ಡಿಗೆ ಹಾಕವ್ರೆ.”

ಅತ್ತೆ ನೆಲದ ಮೇಲೆ ಕುಸಿದು ಕೂತರು. ರೋಗ ಹತ್ತಿದವರನ್ನು ಇಡುವ ಆ ಕಡೆಯ ಶೆಡ್ಡಿಗೆ ಹೋದವರು ತಿರುಗಿ ಬಂದದ್ದನ್ನು ಯಾರೂ ಕಂಡಿರಲಿಲ್ಲ. ನಾವು ಅವತ್ತು ಗುಡಿಸಲಿಗೆ ಹಿಂದಿರುಗಲಿಲ್ಲ. ಬೇಲಿಯಿಂದ ದೂರದ ಒಂದು ಬಂಡೆಯ ನೆರಳಿನಲ್ಲಿ ಉಳಿದೆವು. ಒಂಬತ್ತು ದಿನ ಅಲ್ಲೇ ಇದ್ದೆವು. ಕಾವಲಿನವನ ಹೆಂಡತಿ ದೂರದಲ್ಲಿ ನೀರು ಇಟ್ಟು ಹೋಗುತ್ತಿದ್ದಳು. ಶೆಡ್ಡಿನಿಂದ ಏನನ್ನಾದರೂ ಹೊತ್ತು ತಂದಾಗಲೆಲ್ಲ ನಾನು ಮುಖ ಮುಚ್ಚಿಕೊಳ್ಳುತ್ತಿದ್ದೆ. ಅತ್ತೆ ನೋಡಿ ಹೇಳುತ್ತಿದ್ದರು: “ಅವನಲ್ಲ.” ನಾನು ಉಸಿರು ಬಿಡುತ್ತಿದ್ದೆ. ಸತ್ತವರು ಯಾರದ್ದೋ ಮನೆಯವರು, ಅವರಿಗೂ ಒಬ್ಬ ಹೆಂಡತಿ ಎಲ್ಲೋ ಕೂತಿರುತ್ತಾಳೆ ಎಂದು ಆಗ ನನಗೆ ಹೊಳೆಯಲೇ ಇಲ್ಲ. ಹೆದರಿಕೆ ಮನುಷ್ಯರನ್ನು ಅಷ್ಟು ಸಣ್ಣವರನ್ನಾಗಿ ಮಾಡುತ್ತದೆ.

ಒಂಬತ್ತನೆಯ ದಿನ ಗೆಡ್ಡೆ ತಾನಾಗಿಯೇ ಒಡೆಯಿತು ಎಂದು ಸುದ್ದಿ ಬಂತು. ಒಡೆದರೆ ಬದುಕುತ್ತಾರೆ ಎಂದು ಜನ ಹೇಳುತ್ತಿದ್ದರು. ಅವರು ಬದುಕಿದರು. ಎದ್ದು ನಡೆಯಲು ಇನ್ನೂ ಒಂದು ತಿಂಗಳು ಹಿಡಿಯಿತು. ಅವರ ಬಟ್ಟೆ, ಕಂಬಳಿ, ಪುಸ್ತಕ ಎಲ್ಲವನ್ನೂ ಶೆಡ್ಡಿನವರು ಸುಟ್ಟಿದ್ದರು. ಪುಸ್ತಕದ ಇನ್ನೂ ಅರ್ಧ ಭಾಗ ಅವರು ಓದಿಯೇ ಇರಲಿಲ್ಲವಂತೆ. ಮುಂದೆ ಎಷ್ಟೋ ಸಲ ಬಳ್ಳಾರಿಗೆ ಹೋದಾಗ ಹುಡುಕಿದರು. ಬರೆದವರ ಹೆಸರು ಗೊತ್ತಿಲ್ಲದ ಪುಸ್ತಕವನ್ನು ಏನೆಂದು ಕೇಳುವುದು?

ಅವರು ಗುಡಿಸಲಿಗೆ ಬಂದ ದಿನದ ವಿಷಯವನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಗಾಡಿಯಿಂದ ಇಳಿದು, ಕೋಲೂರಿಕೊಂಡು, ನನ್ನ ಕಡೆ ನಡೆದು ಬಂದರು. ಬರಲಿ ಎಂದು ದಿನವೂ ಹರಕೆ ಹೊತ್ತವಳು ನಾನು. ಅವರು ಕೈ ಚಾಚಿದಾಗ ನನ್ನ ಕಾಲು ತಾನಾಗಿಯೇ ಎರಡು ಹೆಜ್ಜೆ ಹಿಂದಕ್ಕೆ ಹೋಯಿತು.

ಅವರು ಕೈಯನ್ನು ಕೆಳಗಿಳಿಸಿ, “ಬಿಸಿಲು ಜಾಸ್ತಿ ಐತೆ” ಎಂದು ನೆರಳಿಗೆ ಹೋಗಿ ಕೂತರು.

ಅತ್ತೆ ಮಗನ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತರು, ತಮ್ಮ ತಟ್ಟೆಯಲ್ಲೇ ಉಣ್ಣಿಸಿದರು. ನಾನು ಬಹಳ ದಿನ ಅವರ ತಟ್ಟೆಯನ್ನು ಕೈ ತಾಕದಂತೆ ನೆಲದ ಮೇಲೆ ಸರಿಸುತ್ತಿದ್ದೆ. ಅವರು ಮಲಗಿದ ಚಾಪೆಯನ್ನು ಕೋಲಿನಿಂದ ಎತ್ತಿ ಬಿಸಿಲಿಗೆ ಹಾಕುತ್ತಿದ್ದೆ. ಅವರಿಗೆ ಎಲ್ಲವೂ ಕಾಣುತ್ತಿತ್ತು. ಒಂದು ಮಾತೂ ಆಡಲಿಲ್ಲ. ಅತ್ತೆಯೂ ಆಡಲಿಲ್ಲ. ಇಬ್ಬರಲ್ಲಿ ಒಬ್ಬರಾದರೂ ಬೈದಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ.

ಮಳೆಗಾಲಕ್ಕೆ ಮುಂಚೆ ಊರಿಗೆ ಹಿಂದಿರುಗಿದೆವು. ಮನೆಗೆ ಬಿಸಿಲು ಬೀಳಲೆಂದು ಮಾಳಿಗೆಯಲ್ಲಿ ದೊಡ್ಡ ಕಿಂಡಿ ತೆಗೆದಿದ್ದರು, ಗೋಡೆಗೆಲ್ಲ ಸುಣ್ಣ ಬಳಿದಿದ್ದರು. ನಾನು ಹೊಸ್ತಿಲಲ್ಲಿ ನಿಂತೆ. ಇಲಿ ಬಿದ್ದ ಆ ಮನೆಯೊಳಗೆ ಕಾಲಿಡಲು ಆಗಲಿಲ್ಲ. ಅತ್ತೆ ಒಳಗಿನಿಂದ ಕರೆದರು. ನನ್ನ ಗಂಡ ನನ್ನ ಹಿಂದೆ ನಿಂತು ಚೊಂಬಿಗೆ ಬಾಯಿ ಹಚ್ಚಿ ನೀರು ಕುಡಿಯುತ್ತಿದ್ದರು. ಅರ್ಧ ಕುಡಿದು ಚೊಂಬನ್ನು ನನ್ನ ಕಡೆ ಚಾಚಿದರು.

“ನಿಂಗೂ ಬಾಯಾರಿಕೆ ಆಗಿರ್ಬೇಕು” ಎಂದರು. “ಬ್ಯಾಡಾದ್ರೆ ಬಿಡು.”

ನಾನು ಚೊಂಬು ತೆಗೆದುಕೊಂಡೆ. ಸೀರೆಯ ಮೇಲೆ ಸ್ವಲ್ಪ ನೀರು ಚೆಲ್ಲಿತು. ಉಳಿದದ್ದನ್ನು ಕುಡಿದೆ. ಹೆದರಿಕೆ ಇನ್ನೂ ಹೋಗಿರಲಿಲ್ಲ. ಅವರು ನನ್ನ ಕೈಯಿಂದ ಚೊಂಬನ್ನು ಇಸಕೊಂಡು ನನಗಿಂತ ಮೊದಲು ಒಳಗೆ ಹೋದರು.